ನಂದಿಬಟ್ಟಲಿಗೆ ಕಾವಲು

ನಮ್ಮ ಚಾಮರಾಜಪೇಟೆಯಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರನ್ನು ಸ್ವಲ್ಪ ಗಮನಿಸಿ ನೋಡಿ. ಹೋಗುವಾಗ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕವರು, ಬರುವಾಗ ಅದರ ತುಂಬ ಹೂವು. ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆ ಸಾರ್ವಜನಿಕರದ್ದು, ಒಳಗಿರುವುದು ಕೈಗೆಟುಕಿದರೆ ದೇವರದ್ದು. ಪೂಜೆಗೆ ಕಿತ್ತರೆ ಅದು ಕಳ್ಳತನವೇ ಅಲ್ಲ ಎಂದು ವಾದಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಹಾಗೆ ವಾದಿಸುವವರ ಮನೆ ಮುಂದೆ ಒಂದು ಹೂವಿನ ಗಿಡವೂ ಇರುವುದಿಲ್ಲ, ಅದು ಬೇರೆ ಮಾತು.

ನಮ್ಮ ಮನೆ ಮುಂದೆ ಇದೆ. ನಂದಿಬಟ್ಟಲು. ನನ್ನ ಹೆಂಡತಿ ನಾಗರತ್ನ ಮದುವೆಯಾಗಿ ಬಂದ ಹೊಸದರಲ್ಲಿ ನೆಟ್ಟದ್ದು. ಈ ಕಥೆ ನಡೆದಾಗ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಗ ಒಂದು ತಿಂಗಳಿಡೀ, ಸ್ನಾನ ಮಾಡಿ ಬುಟ್ಟಿ ಹಿಡಿದು ಅವಳು ಬರುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು. ಅನುಮಾನ ಹೋಗಿದ್ದು ಮುನಿಯಮ್ಮನ ಮೇಲೆ. ನಮ್ಮಪ್ಪ ಇದ್ದ ಕಾಲದಿಂದಲೂ ನಮ್ಮ ಗೇಟಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂತು ಹೂ ಮಾರುವವಳು. ಮಲ್ಲಿಗೆ, ಕನಕಾಂಬರದ ಜೊತೆಗೆ ಒಂದು ಗುಡ್ಡೆ ಬಿಡಿ ನಂದಿಬಟ್ಟಲನ್ನೂ ಇಡುತ್ತಿದ್ದಳು. ನಾಗರತ್ನನಿಗೆ ಅಷ್ಟು ಸಾಕಾಯಿತು.

"ಬೇಲಿನೇ ಎದ್ದು ಹೊಲ ಮೇಯ್ತಿದೆ. ಶುಕ್ರವಾರದಿಂದ ಬೇರೆ ಜಾಗ ನೋಡ್ಕೊ ಅಂತ ಹೇಳ್ಬಿಟ್ಟಿದೀನಿ" ಎಂದಳು.

ಹೂ ಮಾರುವವರಿಗೆ ಜಾಗ ಅಂದರೆ ಅಂಗಡಿ, ಗಿರಾಕಿ, ಅನ್ನ ಎಲ್ಲಾ. ಮುಂದಿನ ತಿರುವಿನಲ್ಲಿ ಆಗಲೇ ಇನ್ನೊಬ್ಬಳಿದ್ದಾಳೆ. ಅದರಾಚೆ ದೇವಸ್ಥಾನದ ಮುಂದೆ ಕಾಲಿಡಲು ತಾವಿಲ್ಲ. ಮುನಿಯಮ್ಮ ಎಲ್ಲಿಗೆ ಹೋಗಬೇಕು?

"ಅವಳು ಕಿತ್ತಿದ್ದನ್ನ ನೋಡಿದೀಯಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಬೇಕು ಅಂತ ನಾನು ಹಠ ಹಿಡಿದೆ. ಬೆಳಗ್ಗೆ ಬೇಗ ಎದ್ದು ಗೇಟಿನ ಹತ್ತಿರ ನಿಂತುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಬೆಳಗ್ಗೆ ಬೇಗ ಏಳುವ ಗಂಡಸಾಗಿದ್ದರೆ ನನ್ನ ಅರ್ಧ ಜೀವನವೇ ಬೇರೆ ಥರ ಇರುತ್ತಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಒಂದು ಅಗ್ಗದ ಕ್ಯಾಮರಾ ತಂದೆ, ಕಿಟಕಿಯ ಸರಳಿಗೆ ಕಟ್ಟಿದೆ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರ ಡಿಸ್ಕು ಎಷ್ಟು ಚಿಕ್ಕದೆಂದರೆ ದಿನವಿಡೀ ರೆಕಾರ್ಡ್ ಮಾಡಿದರೆ ಸಂಜೆಗೆ ತುಂಬಿ ಪ್ರಾಣ ಬಿಡುತ್ತಿತ್ತು. ಹಾಗಾಗಿ, ಏನಾದರೂ ಅಲುಗಾಡಿದಾಗ ಮಾತ್ರ ಚಿತ್ರ ಉಳಿಸಿಕೊಳ್ಳುವ ಒಂದು ಪುಕ್ಕಟೆ ಪ್ರೋಗ್ರಾಂ ಹುಡುಕಿದೆ. ಗುಂಡಿ ಇಲ್ಲ, ಬಣ್ಣ ಇಲ್ಲ; ಕಪ್ಪು ಪರದೆಯ ಮೇಲೆ ಸಾಲು ಟೈಪ್ ಮಾಡಿ ಆಜ್ಞೆ ಕೊಡಬೇಕು. ನಾನು ಕಂಪ್ಯೂಟರ್ ಕಲಿತದ್ದೇ ಮೌಸ್ ಇಲ್ಲದ ಕಾಲದಲ್ಲಿ. ಮನೆಯಲ್ಲಿ ಯಾರಾದರೂ ನಾನು ಹೇಳಿದಂತೆ ಕೇಳುತ್ತಾರಲ್ಲ ಅಂತ ಖುಷಿಯೂ ಆಯಿತು.

ಆ ಪ್ರೋಗ್ರಾಮಿನ ಬುದ್ಧಿ ಸರಳ. ಈಗಿನ ಚಿತ್ರವನ್ನು ಹಿಂದಿನ ಚಿತ್ರದ ಪಕ್ಕ ಇಟ್ಟು, ಎಷ್ಟು ಚುಕ್ಕೆ ಬದಲಾಯಿತು ಎಂದು ಎಣಿಸುತ್ತದೆ. ನಾನು ಹೇಳಿದ್ದಕ್ಕಿಂತ ಜಾಸ್ತಿಯಾದರೆ ಉಳಿಸಿಕೊಳ್ಳುತ್ತದೆ. ಮೊದಲನೇ ದಿನ ಉಳಿಸಿಕೊಂಡದ್ದನ್ನೆಲ್ಲ ನೋಡುವಷ್ಟರಲ್ಲಿ ಕಣ್ಣು ಉರಿಯಿತು. ಕಾಗೆ, ಬಿಸಿಲು, ನೆರಳು, ಮತ್ತೆ ಗಾಳಿಗೆ ತೂಗುವ ನಮ್ಮ ನಂದಿಬಟ್ಟಲು. ತಂಗಾಳಿ, ಬಳುಕುವ ಬಳ್ಳಿ ಎಂದು ಹಳೆಯ ಕವಿಗಳು ಪದ್ಯಗಟ್ಟಲೆ ಹೊಗಳಿದ್ದಾರಲ್ಲ, ಅವರಲ್ಲಿ ಒಬ್ಬರಾದರೂ ಈ ಕೆಲಸಕ್ಕೆ ಕೂತಿದ್ದರೆ ತಂಗಾಳಿಯ ಸುದ್ದಿಗೇ ಹೋಗುತ್ತಿರಲಿಲ್ಲ.

ಚಿತ್ರದಲ್ಲಿ ಬೇಡದ ಜಾಗಕ್ಕೆ ಕಪ್ಪು ಬಳಿದು, ಇದನ್ನು ಲೆಕ್ಕಕ್ಕೆ ತಗೋಬೇಡ ಎಂದು ಹೇಳುವ ಸೌಲಭ್ಯ ಒಂದಿತ್ತು. ಅಲುಗಾಡುವುದು ಗಿಡ ತಾನೇ? ಇಡೀ ಗಿಡಕ್ಕೆ ಕಪ್ಪು ಬಳಿದೆ. ಮರುದಿನ ಒಂದೇ ಒಂದು ಚಿತ್ರವೂ ಇಲ್ಲ. ಭಲೇ ಅಂದುಕೊಂಡು ಹೊರಗೆ ಬಂದರೆ ಗಿಡದಲ್ಲಿ ಒಂದು ಹೂವೂ ಇಲ್ಲ. ಕಳ್ಳರ ಕೈ ಬರುವ ಜಾಗವನ್ನೇ ನೋಡಬೇಡ ಅಂತ ಕಾವಲುಗಾರನಿಗೆ ಹೇಳಿದ್ದೆ. ನಾಗರತ್ನ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಬುಧವಾರ ಆಫೀಸಿಗೆ ರಜ ಹಾಕಿದೆ. ಎಲೆ ಅಲ್ಲಾಡಿ ನಿಲ್ಲುತ್ತದೆ, ಮನುಷ್ಯ ಬಂದರೆ ಸ್ವಲ್ಪ ಹೊತ್ತಾದರೂ ಇರುತ್ತಾನೆ. ಆದ್ದರಿಂದ ಸಾಲಾಗಿ ಹಲವು ಚಿತ್ರಗಳಲ್ಲಿ ದೊಡ್ಡದೇನೋ ಬದಲಾದರೆ ಮಾತ್ರ ಉಳಿಸಿಕೋ ಎಂದು ಬರೆದೆ. ಗಿಡದ ಮುಂದೆ ನಾನೇ ಹೋಗಿ ಕೈಯೆತ್ತಿ ನಿಲ್ಲುವುದು, ಒಳಗೆ ಬಂದು ನೋಡುವುದು, ಅಂಕಿ ತಿದ್ದುವುದು, ಮತ್ತೆ ಹೋಗಿ ನಿಲ್ಲುವುದು. ಎದುರು ಮನೆಯವರು ಇವರಿಗೆ ಏನಾಯಿತು ಅಂತ ಬಾಗಿಲಿಗೆ ಬಂದರು. ಮುನಿಯಮ್ಮ ಮಾತ್ರ ತಲೆ ಎತ್ತದೆ ಹೂ ಕಟ್ಟುತ್ತಿದ್ದಳು. ನಾನೂ ಬಿಡಲಿಲ್ಲ.

ಗುರುವಾರ ಒಂದೇ ಒಂದು ತುಣುಕು ಸಿಕ್ಕಿತು. ಬೆಳಕು ಹರಿಯುವ ಹೊತ್ತು. ಛತ್ರಿಯ ಬಾಗಿದ ಹಿಡಿಯಿಂದ ನಮ್ಮ ಕೊಂಬೆಯನ್ನು ಎಳೆದು, ಸಾವಕಾಶವಾಗಿ ಕವರು ತುಂಬಿಸಿಕೊಳ್ಳುತ್ತಿದ್ದವರು ಸರ್ವಮಂಗಳಮ್ಮನವರು. ಹಿಂದಿನ ರಸ್ತೆಯ ನಿವೃತ್ತ ಹೆಡ್ಮಿಸ್ಟ್ರೆಸ್ಸು, ನಾಗರತ್ನನಿಗೆ ಅಕ್ಕನ ಸಮಾನ. ಪ್ರತಿ ಸೋಮವಾರ ಶಿವಪೂಜೆ ಮುಗಿಸಿ ನಮಗೆ ಪ್ರಸಾದದ ಹೂವು ತಂದುಕೊಡುವವರು. ನಮ್ಮದೇ ಹೂವನ್ನು ನಾಗರತ್ನ ಕಣ್ಣಿಗೊತ್ತಿಕೊಂಡು ಮುಡಿದದ್ದು ಅದೆಷ್ಟು ಸಲವೋ! ತುಣುಕಿನ ಮೂಲೆಯಲ್ಲಿ ಮುನಿಯಮ್ಮ, ಗಿಡಕ್ಕೆ ಬೆನ್ನು ಹಾಕಿ, ಬುಟ್ಟಿಯ ಮುಂದೆ ಕೂತಿದ್ದಳು.

ನಾಗರತ್ನ ಎರಡು ಸಲ ನೋಡಿದಳು. ಆಮೇಲೆ ಮೆಲ್ಲಗೆ, "ದೇವರಿಗೆ ತಾನೇ, ಬಿಡಿ" ಅಂದಳು.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. "ಮುನಿಯಮ್ಮ ಕಿತ್ರೆ ಕಳ್ಳತನ, ಮಂಗಳಮ್ಮ ಕಿತ್ರೆ ಭಕ್ತಿನಾ?" ಎಂದೆ. ಅವತ್ತು ಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಮಾತಾಡಿದವು.

ಶುಕ್ರವಾರ ಬೆಳಗ್ಗೆ ಮುನಿಯಮ್ಮ ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿ ಹೊರಡಲು ಎದ್ದಿದ್ದಳು. ನಾಗರತ್ನ ಕಾಫಿ ಲೋಟ ಹಿಡಿದು ಗೇಟಿನ ಹೊರಗೆ ಹೋಗಿ, ನಾನು ಕಿಟಕಿಯಲ್ಲಿರುವುದು ಗೊತ್ತಿದ್ದೂ, "ಕೂತ್ಕೊ ಮುನಿಯಮ್ಮ. ತಪ್ಪು ನಂದು. ನೀನಲ್ಲ ಅಂತ ಕ್ಯಾಮರಾದಲ್ಲಿ ಗೊತ್ತಾಯ್ತು. ಇವತ್ತೇ ಅದನ್ನ ಬಿಚ್ಚಿಸ್ತೀನಿ" ಎಂದಳು.

ಮುನಿಯಮ್ಮ ಕಾಫಿ ಈಸಿಕೊಂಡು, ಕಿಟಕಿಯ ಕಡೆ ಒಮ್ಮೆ ನೋಡಿದಳು.

"ಬಿಚ್ಚಿಸ್ಬೇಡಿ ಕಣಕ್ಕ. ನಾಳೆ ಇನ್ನೇನಾರ ಕಾಣ್ದಂಗಾದ್ರೆ, ನನ್ ಪರ ಮಾತಾಡಾಕೆ ಅದೊಂದೇ ಇರೋದು."

ನಾಗರತ್ನ ಅಲ್ಲೇ ಚಪ್ಪಡಿ ಕಲ್ಲಿನ ತುದಿಯಲ್ಲಿ ಕೂತುಬಿಟ್ಟಳು. ಅವತ್ತೇ ಸಂಜೆ ನಾನು ದೊಡ್ಡದೊಂದು ಡಿಸ್ಕ್ ತಂದೆ. ಕ್ಯಾಮರಾವನ್ನು ಗಿಡದಿಂದ ಆಚೆಗೆ, ಮುನಿಯಮ್ಮ ಕೂರುವ ಕಡೆಗೆ ತಿರುಗಿಸಿದೆ. ಅವಳೋ ಕೂತ ಜಾಗದಿಂದ ಅಲುಗುವವಳಲ್ಲ. ಹಾಗಾಗಿ ಕಪ್ಪು ಪರದೆಯ ಮುಂದೆ ಕೂತು, ಏನೂ ಅಲುಗಾಡದಿದ್ದರೂ ಉಳಿಸಿಕೋ ಎಂದು ಬರೆದೆ.