ಪಟೇಲರು ತಂದ ಮಹಜರು

ಹೊಳೆನರಸೀಪುರದ ಆಸ್ಪತ್ರೆಗೆ ನಾನು ಹೊಸ ಡಾಕ್ಟರು. ಔಷಧಿಯಿಲ್ಲದೆ ಬರೀ ಮಾತಿನಿಂದಲೇ ಮನಸ್ಸಿನ ಕಾಯಿಲೆ ವಾಸಿ ಮಾಡುವುದನ್ನು ಆಗಷ್ಟೇ ಪುಸ್ತಕದಲ್ಲಿ ಓದಿಕೊಂಡು, ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದೆ. ನುಗ್ಗೇಹಳ್ಳಿ ಕಡೆಯ ಪಟೇಲರೊಬ್ಬರು ಸಿಕ್ಕಿದರು.

“ಊರೋರೆಲ್ಲ ನನ್ನ ಬೆನ್ನಿಂದೆ ನಗ್ತಾರೆ ಅನ್ನುಸ್ತದೆ ಸಾ. ನಿದ್ದೇನೇ ಇಲ್ಲ,” ಅಂದರು.

“ನಗ್ತಾರೆ ಅನ್ನೋದಕ್ಕೆ ಸಾಕ್ಷಿ ಏನಿದೆ, ನಗಲ್ಲ ಅನ್ನೋದಕ್ಕೆ ಏನಿದೆ, ಎರಡನ್ನೂ ಒಂದು ಕಾಗದದಲ್ಲಿ ಬರ್ಕೊಂಡು ಬನ್ನಿ ಪಟೇಲರೇ,” ಎಂದೆ, ಪುಸ್ತಕದಲ್ಲಿದ್ದ ಹಾಗೇ.

ಮುಂದಿನ ವಾರ ಅವರು ತಂದದ್ದು ಮಹಜರು. ‘ಪಟೇಲರನ್ನು ಕಂಡು ನಾವು ನಗುವುದಿಲ್ಲ’ ಎಂದು ಶಾನುಭೋಗರ ಕೈಲಿ ಬರೆಸಿ, ಮನೆಮನೆಗೂ ಹೋಗಿ ನಲವತ್ತು ಜನರ ರುಜು, ಹೆಬ್ಬೆಟ್ಟು ಹಾಕಿಸಿಕೊಂಡು ಬಂದಿದ್ದರು.

ಕಾಗದ ಕೈಗೆ ತೆಗೆದುಕೊಂಡು ಕೇಳಿದೆ, “ಈಗ ಹೇಗಿದೆ?”

“ಈಗ ಎಲ್ರೂ ಎದುರ್ಗೇ ನಗ್ತಾವ್ರೆ ಸಾ. ಅನುಮಾನ ಓಯ್ತು, ಚೆನ್ನಾಗ್ ನಿದ್ದೆ ಬತ್ತದೆ.”

ಗೆದ್ದೆ ಅಂದುಕೊಂಡು ಕಾಗದವನ್ನು ಮೊದಲಿನಿಂದ ಓದಿದೆ. ಮೊದಲ ಸಾಲಿನಲ್ಲೇ ‘ಡಾಕ್ಟರ ಹುಕುಂ ಮೇರೆಗೆ’ ಎಂದು ನನ್ನ ಹೆಸರು, ಡಿಗ್ರಿ ಸಮೇತ.

ಆಮೇಲೆ ಆ ಕಡೆಯ ಬಸ್ಸಿನಲ್ಲಿ ಹಿಂದಿನ ಸೀಟಿನವರು ಕಿಸಕ್ಕೆಂದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತಿತ್ತು. ನನ್ನನ್ನೇ ಕಂಡು ನಗುತ್ತಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿಕೊಳ್ಳಲು ಮಾತ್ರ ಹೋಗಲಿಲ್ಲ. ಸಾಕ್ಷಿ ಇತ್ತಲ್ಲ, ನಲವತ್ತು ಜನ.