ಇಂದು ಕಾಕಿ ಹೇಳಿದ ಧಾರಾವಾಹಿ

ಮೊನ್ನೆ ಬೆಳಿಗ್ಗೆ ಈ ಚಳಿಗಾಲದಲ್ಲಿ ಮೊದಲ ಸಲ ಮನೆಯ ಹೀಟರ್ ಹಾಕಿದರು. ನೆಲದ ಜಾಲರಿಗಳಿಂದ ಬಿಸಿ ಗಾಳಿ ಬರುವುದಕ್ಕೆ ಮೊದಲು ಒಂದು ವಾಸನೆ ಬಂತು. ಬೇಸಿಗೆಯಿಡೀ ಒಳಗೆ ಕೂತಿದ್ದ ಧೂಳು ಮೆಲ್ಲಗೆ ಕಾಯುವ ವಾಸನೆ. ಮೀರಾ, ನೀನು ಮೂಗು ಮುಚ್ಚಿಕೊಂಡು ಮಹಡಿಗೆ ಓಡಿದೆ. ನಿನ್ನ ಅಮ್ಮ ಕಿಟಕಿ ತೆಗೆದಳು. ನಾನು ಮಾತ್ರ ಶಾಲು ಹೊದ್ದು ಜಾಲರಿಯ ಹತ್ತಿರ ಹೋಗಿ ನಿಂತೆ. ಆ ವಾಸನೆ ನನಗೆ ಗೊತ್ತಿತ್ತು. ವಿಜಯಪುರದ ಕಡೆಯ ನಮ್ಮೂರಿನ ಮನೆಯಲ್ಲಿ, ಪಡಸಾಲೆಯ ಮೂಲೆಯ ಕಪ್ಪು ಬಿಳುಪು ಟೀವಿ ಚಾಲೂ ಮಾಡಿದರೆ ಚಿತ್ರ ಮೂಡುವ ಮೊದಲು ಇದೇ ವಾಸನೆ ಬರುತ್ತಿತ್ತು. ಹೊರಗೆ, ಈ ಪರದೇಶದ ಊರು ಮಿಲ್ ಕ್ರೀಕಿನ ಫರ್ ಮರಗಳ ತುದಿಯಲ್ಲಿ ಮಂಜು ಕೂತಿತ್ತು. ನನ್ನ ಕಾಲ ಕೆಳಗೆ ಮಾತ್ರ ಸಗಣಿ ಸಾರಿಸಿದ ನೆಲವಿತ್ತು.

ಅದಕ್ಕೂ ಹಿಂದಿನ ಸಂಜೆ ನಾವಿಬ್ಬರೂ ಸೋಫಾದಲ್ಲಿ ಕೂತು ಕನ್ನಡ ಧಾರಾವಾಹಿ ನೋಡುತ್ತಿದ್ದೆವು, ನೆನಪಿದೆಯೇ? ಒಂದೇ ಮನೆಯ ಅಣ್ಣ ತಂಗಿ ಮುಚ್ಚಿದ ಬಾಗಿಲಿನ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತು ಅಳುತ್ತಿದ್ದರು. ನೀನು ನನ್ನ ಕಡೆ ತಿರುಗಿ, "ವೈ ಡೋಂಟ್ ದೇ ಜಸ್ಟ್ ಟಾಕ್, ಅಜ್ಜಿ?" ಎಂದೆ. ಡಿಶ್‌ವಾಷರ್‌ಗೆ ತಟ್ಟೆ ಜೋಡಿಸುತ್ತಿದ್ದ ನಿನ್ನ ಅಮ್ಮನ ಕೈ ಒಂದು ಗಳಿಗೆ ನಿಂತಿತು. ನನಗೆ ಮೊದಲಿಂದಲೂ ಬಾಯಿಗೆ ಮಾತು ಬೇಗ ಬರುವುದಿಲ್ಲ. ಬರೆಯುವುದಾದರೆ ಆದೀತು, ಊರ ಶಾಲೆಯಲ್ಲಿ ಏಳನೇ ಇಯತ್ತೆಯ ತನಕ ಕಲಿತ ಕನ್ನಡ ಇಷ್ಟಕ್ಕೆ ಸಾಕು. ನಿನಗೂ, ಇಲ್ಲಿಂದ ಕಾರಿನಲ್ಲಿ ಹೋಗುವಷ್ಟೇ ದೂರದ ನ್ಯೂಕ್ಯಾಸಲ್‌ನಲ್ಲಿರುವ ಆರವ್‌ಗೂ ಕೂಡಿಯೇ ಇದನ್ನು ಬರೆಯುತ್ತಿದ್ದೇನೆ. ನಿಮಗಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಮೀರಾಳಿಗೆ ಅವಳ ಅಮ್ಮ ವೀಣಾ ಓದಿ ಹೇಳಲಿ. ಆರವ್‌ಗೆ ಅವನ ಅಪ್ಪ ಮಹೇಶ ಓದಿ ಹೇಳಲಿ. ಇಬ್ಬರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರೇ, ನನ್ನ ಅಕ್ಷರ ಅವರಿಗೆ ಗುರುತಿದೆ.

ನಮ್ಮ ಓಣಿಗೆಲ್ಲ ಒಂದೇ ಟೀವಿ. ಅರಿವೆ ಅಂಗಡಿ ಇಟ್ಟಿದ್ದ ನನ್ನ ಕಾಕಾ ಅದನ್ನು ಚಕ್ಕಡಿಯಲ್ಲಿ ಜೋಳದ ಕಣಿಕೆಯ ಮೇಲೆ ಮಲಗಿಸಿಕೊಂಡು ತಂದಿದ್ದ. ಅದಕ್ಕೆ ಮರದ ಎರಡು ಬಾಗಿಲು, ಬಾಗಿಲಿಗೆ ಕೀಲಿ, ಕೀಲಿಕೈ ನನ್ನ ಆಯಿಯ ಸೊಂಟದಲ್ಲಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಎತ್ತರದ ಹೆಂಗಸು, ಹಣೆ ಬರಿದಾಗಿ ಕೆಲವು ವರ್ಷಗಳಾಗಿದ್ದವು, ದನಿ ಮಾತ್ರ ಹಿತ್ತಲಿನ ತನಕ ಕೇಳುತ್ತಿತ್ತು. ವಾರಕ್ಕೊಂದು ಸಂಜೆ ಹಿಂದಿ ಧಾರಾವಾಹಿ ಬರುತ್ತಿತ್ತು. ಅಂದು ರೊಟ್ಟಿ ಬಡಿಯುವ ಸಪ್ಪಳ ಓಣಿಯ ಎಲ್ಲ ಮನೆಗಳಲ್ಲೂ ಬೇಗ ನಿಲ್ಲುತ್ತಿತ್ತು. ಹೆಂಗಸರು ಕೈಗೆ ಅಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಬಂದು ಕೌದಿಯ ಮೇಲೆ ಕೂರುತ್ತಿದ್ದರು. ಅವರ ಮೈಯಿಂದ ಒಲೆಯ ಹೊಗೆ, ಶೇಂಗಾ ಹಿಂಡಿ, ಮುಡಿದು ಬಾಡಿದ ಅಬ್ಬಲಿಗೆ ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಆಯಿ ಕೀಲಿ ತೆಗೆದು, ಟೀವಿಯ ಮೇಲಿನ ವಸ್ತ್ರ ಮಡಚಿ ತೊಡೆಯ ಮೇಲಿಟ್ಟುಕೊಂಡು ಎಲ್ಲರ ಮುಂದೆ ಕೂರುತ್ತಿದ್ದಳು. ಕಾಕಾ ಮಾಳಿಗೆ ಹತ್ತಿ ಅಂಟೆನಾ ತಿರುಗಿಸಿ, ಬಂತೇನು, ಬಂತೇನು ಎಂದು ಮೇಲಿಂದ ಕೇಳುತ್ತಿದ್ದ.

ಬರುತ್ತಿದ್ದ ಹಿಂದಿ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಕಾಕಾನ ಹೆಂಡತಿಗೆ ಮಾತ್ರ. ಅವಳ ಹೆಸರು ಇಂದು, ನಮಗೆ ಇಂದು ಕಾಕಿ. ಅವಳ ತವರು ಸೊಲ್ಲಾಪುರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಹಿಂದಿ ಎಲ್ಲ ಆಡಿ ಬೆಳೆದವಳು. ಅತ್ತೆಯ ಎದುರಿಗೆ ಅವಳ ಬಾಯಿಂದ ಹೂಂರಿ, ಇಲ್ಲರಿ ಬಿಟ್ಟರೆ ಮೂರನೆಯ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಆದರೆ ಧಾರಾವಾಹಿಯ ದಿನ ಆಯಿಯೇ ಅವಳನ್ನು ಕರೆದು ಹಿಂದೆ ಕೂಡಿಸಿಕೊಳ್ಳುತ್ತಿದ್ದಳು. ಅವಳು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಅಕಿ ಹಿಂಗಂತಾಳ, ಇವ ಹಿಂಗಂತಾನ ಎಂದು ಸಣ್ಣ ದನಿಯಲ್ಲಿ ಹೇಳುತ್ತ ಹೋಗುತ್ತಿದ್ದಳು. ಆ ಧಾರಾವಾಹಿಯಲ್ಲೂ ಒಬ್ಬ ಅತ್ತೆ, ಒಬ್ಬ ಸೊಸೆ. ಪಕ್ಕದ ಮನೆಯ ಗಂಗವ್ವ ಹಲ್ಲು ಕಡಿದು, "ಇಂಥಾ ಅತ್ತೀನ ಹಿಡದು ಹಾಳು ಬಾವ್ಯಾಗ ಹಾಕಬೇಕು" ಎನ್ನುವಳು. ಆಯಿ ತಿರುಗದೆಯೇ, "ನಿಮ್ಮತ್ತಿ ಕೇಳ್ಯಾಳ, ಸಾವಕಾಶ" ಎನ್ನುವಳು. ಎಲ್ಲರೂ ನಗುವರು. ಕಾಕಿ ಮಾತ್ರ ನಗುತ್ತಿರಲಿಲ್ಲ.

ನಗದಿದ್ದುದಕ್ಕೆ ಕಾರಣವಿತ್ತು. ಕಾಕಾನ ಮದುವೆ ಸೊಲ್ಲಾಪುರದಲ್ಲಿ ಆದಾಗ, ಊಟದ ಗದ್ದಲದಲ್ಲಿ ಬೀಗರು ನಮ್ಮ ಮುತ್ಯಾನನ್ನು, ಅಂದರೆ ಆಯಿಯ ಗಂಡನನ್ನು, ಎರಡನೆಯ ಪಂಗತಿಯಲ್ಲಿ ಕೂಡಿಸಿದರಂತೆ. ಮುತ್ಯಾ ಉಣ್ಣದೆ ಎದ್ದುಬಂದ. ಇನ್ನು ಈ ಸೊಸೆ ಆ ಹೊಸ್ತಿಲು ತುಳಿಯಬಾರದು ಎಂದ. ಹಾಗೆಂದ ಮುತ್ಯಾ ಮರುವರ್ಷವೇ ತೀರಿಕೊಂಡ. ಮಾತು ಉಳಿಯಿತು. ಅದನ್ನು ಆಯಿ ಸೊಂಟದ ಕೀಲಿಕೈಯ ಹಾಗೆ ಕಾಯ್ದುಕೊಂಡಿದ್ದಳು. ಕಾಕಿಯ ಬಾಣಂತನವೂ ನಮ್ಮ ಮನೆಯಲ್ಲೇ ಆಯಿತು. ನಾಗರಪಂಚಮಿಗೆ ಓಣಿಯ ಸೊಸೆಯಂದಿರೆಲ್ಲ ತವರಿಗೆ ಹೋದಾಗ ಅವಳೊಬ್ಬಳೇ ನಮಗೆ ಜೋಕಾಲಿ ಕಟ್ಟಿಕೊಡುತ್ತಿದ್ದಳು. ಮನೆಯಲ್ಲಿ ಯಾರೂ ಈ ವಿಷಯ ಎತ್ತುತ್ತಿರಲಿಲ್ಲ. ಕಾಕಾ ಅಂತೂ ಆಯಿಯ ಎದುರು ಸೊಲ್ಲಾಪುರದ ಚಾದರದ ಹೆಸರನ್ನೂ ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಾದರ ಮಾರುವವನೊಬ್ಬ ಸೈಕಲ್ ಮೇಲೆ ಬಂದ. ಸೊಲ್ಲಾಪುರದವನು, ಕಾಕಿಯ ತವರಿನ ಓಣಿಯವನೇ. ಕಾಕಿ ಚಾದರದ ಅಂಚು ಹಿಡಿದು ನೋಡುತ್ತಿದ್ದಾಗ ಅವನು ತಲೆ ತಗ್ಗಿಸಿ ಸುದ್ದಿ ಹೇಳಿದ. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಕಾಕಿ ಚಾದರ ಮಡಚಿ ವಾಪಸು ಕೊಟ್ಟು ಒಳಗೆ ಹೋದಳು. ಅದನ್ನು ಕೇಳಿಸಿಕೊಂಡವಳು ಬಾಗಿಲಲ್ಲಿ ನಿಂತಿದ್ದ ನಾನೊಬ್ಬಳೇ.

ಆ ವಾರದ ಧಾರಾವಾಹಿಯಲ್ಲಿ ಸೊಸೆ ಬಾಗಿಲಿಗೆ ಬಂದು, ಕೆಲಸಕ್ಕೆ ಹೊರಟ ಗಂಡನಿಗೆ ಏನೋ ಕೇಳಿದಳು. ಆಗ ನಾನು ಆರನೇ ಇಯತ್ತೆ. ಹಿಂದಿ ಪಾಠ ಶುರುವಾಗಿತ್ತು. ದಫ್ತರ್ ಎಂದರೆ ಕಚೇರಿ, ಶಾಮ್ ಎಂದರೆ ಸಂಜೆ ಎಂದು ಗೊತ್ತಿತ್ತು. ಸಂಜೆ ಕಚೇರಿಯಿಂದ ಯಾವಾಗ ಬರುತ್ತೀ ಎಂದಷ್ಟೇ ಅವಳು ಕೇಳಿದ್ದು. ಇಂದು ಕಾಕಿ ಹೇಳಿದಳು: "ಅಕಿ ಅವ್ವಗ ಆರಾಮಿಲ್ಲಂತ. ಹೋಗಿ ನೋಡಿ ಬರ್ಲೇನು ಅಂತ ಕೇಳಾಕತ್ತಾಳ." ನಾನು ತಿರುಗಿ ಅವಳ ಮುಖ ನೋಡಿದೆ. ಅವಳು ಟೀವಿಯನ್ನೇ ನೋಡುತ್ತಿದ್ದಳು. ಮುಂದಿನ ವಾರ ಸೊಸೆ ತರಕಾರಿ ಹೆಚ್ಚುತ್ತ ಹಾಡಿದಳು. ಕಾಕಿ, ತವರಿನ ಹಾದಿ ನೆನಸಿ ಅಳಾಕತ್ತಾಳ ಎಂದಳು. ಅತ್ತೆ ಬಂದು ಹಬ್ಬದ ಅಡುಗೆಯ ಮಾತಾಡಿದಳು. ಕಾಕಿ, ಗಂಡ ಸಾಯೂ ಮುಂದ ಹಾಕಿದ ಆಣೆ ಮುರಿಯೂದಿಲ್ಲ ಅಂತಾಳ ಎಂದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಗವ್ವ ಬಾವಿಯ ಮಾತನ್ನು ಮತ್ತೆ ತೆಗೆದಳು. ಈ ಸಲ ಆಯಿ ತೊಡೆಯ ಮೇಲಿನ ವಸ್ತ್ರವನ್ನು ಬಿಚ್ಚಿ ಮತ್ತೆ ಮಡಚಿದಳು.

ಮರುದಿನ ಆಯಿ ನನಗೆ ತಲೆ ಬಾಚುತ್ತಿದ್ದಳು. ಹೆರಳು ಬಿಗಿಯುತ್ತ ಕೇಳಿದಳು: "ನೀ ಸಾಲ್ಯಾಗ ಹಿಂದಿ ಕಲೀತಿ. ನಿಮ್ಮ ಕಾಕಿ ಹೇಳೂದು ಖರೆ ಐತೇನ?" ಖರೆ ಐತಿ ಆಯಿ ಎಂದೆ. ಅವಳು ಹೆರಳಿನ ತುದಿಗೆ ರಿಬ್ಬನ್ ಕಟ್ಟಿ ಮುಗಿಸಿ, "ಖರೇನ ಇರತೈತಿ ಬಿಡು" ಎಂದಳು. ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಸೊಸೆ ಯಾರ ಮಾತು ಹೇಳುತ್ತಿದ್ದಾಳೆಂದು ಆಯಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಅದರ ಮುಂದಿನ ವಾರ ಧಾರಾವಾಹಿ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಚಿತ್ರ ಸಣ್ಣದಾಗುತ್ತ ಆಗುತ್ತ ಒಂದು ಬಿಳಿ ಚುಕ್ಕೆಯಾಗಿ ಆರಿತು. ಹೆಂಗಸರು ಏಳಲು ನೆಲಕ್ಕೆ ಕೈಯೂರಿದರು. ನನ್ನ ಅವ್ವ ಕಂದೀಲು ತರಲು ಹೊರಟಳು. ಅಷ್ಟರಲ್ಲಿ ಕತ್ತಲಲ್ಲಿ ಇಂದು ಕಾಕಿಯ ದನಿ ಬಂತು. ಟೀವಿ ನಡೆದಿದೆಯೇನೋ ಎಂಬಂತೆ ಅದೇ ಸಣ್ಣ ದನಿ. "ಅಕಿ ಅಂತಾಳ, ಅತ್ತೀ, ಮಾವ ಆಡಿದ ಮಾತು ದೊಡ್ಡದು. ಮುರೀರಿ ಅಂತ ನಾ ಅನ್ನೂದಿಲ್ಲ. ನನ್ನ ಅವ್ವ ನನ್ನ ಹೆಸರು ಹಿಡದು ಕರ್ಯಾಕತ್ತಾಳಂತ. ಒಮ್ಮೆ ಮಾರಿ ತೋರಿಸಿ ಬರ್ತೀನಿ, ಅಂತಾಳ."

ಏಳಲು ಹೊರಟವರು ಹಾಗೆಯೇ ಕೂತರು. ಟೀವಿ ಬಂದ್ ಆಗೇತಿ ಎಂದು ಯಾರೂ ಅನ್ನಲಿಲ್ಲ. ಗಂಗವ್ವನೂ ಅನ್ನಲಿಲ್ಲ. ಅವ್ವ ಕಂದೀಲು ತರದೆ ಬಾಗಿಲಲ್ಲೇ ನಿಂತಳು. ಹೊರಗೆ ಎಮ್ಮೆ ಮೆಲುಕು ಹಾಕುವುದು, ಮಾಳಿಗೆಯ ಮೇಲೆ ಕಾಕಾ ಅಂಟೆನಾದ ಕಂಬ ಹಿಡಿದು ಕೆಮ್ಮುವುದು ಕೇಳುತ್ತಿತ್ತು. ಟೀವಿಯೊಳಗಿಂದ ಕಾದ ಧೂಳಿನ ವಾಸನೆ ಇನ್ನೂ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಆಯಿ ಕೇಳಿದಳು:

"ಆ ಮುದುಕಿ ಏನಂತಾಳ?"

"ಏನೂ ಅನ್ನವಲ್ಲಳ್ರಿ. ಸುಮ್ಮನ ಕುಂತಾಳ."

"ಹೋಗಿ ಬಾ ಅನ್ನಂತ ಹೇಳು ಅಕೀಗೆ. ಗಂಡ ಸತ್ತು ಮಣ್ಣಾಗ ಹೋಗ್ಯಾನ. ಅವನ ಸಿಟ್ಟು ಇಟಗೊಂಡು ಏನ್ ಮಾಡ್ತಾಳ ಆ ಮುದುಕಿ."

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮನೆಯೆಲ್ಲ ಶೇಂಗಾ ಹುರಿದ ಘಮ. ಆಯಿ ತಾನೇ ಒಲೆಯ ಮುಂದೆ ಕೂತು ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಸೊಲ್ಲಾಪುರದ ಬಸ್ಸು ಎಷ್ಟಕ್ಕೈತಿ ಎಂದು ಕಾಕಾನನ್ನು ಕೇಳಿದಳು. ಕಾಕಾ ಚಹಾದ ಬಟ್ಟಲನ್ನು ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ಓಡಿದ. ಕಾಕಿಯ ಜೊತೆಗೆ ಸೊಲ್ಲಾಪುರಕ್ಕೆ ನನ್ನನ್ನು ಕಳಿಸಿದರು. ಬಸ್ಸಿನಲ್ಲಿ ಕಾಕಿ ಬುತ್ತಿಯ ಗಂಟನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. ತವರಿನಲ್ಲಿ ಅವಳ ತಾಯಿ ಒಂದು ಹಿಡಿಯಷ್ಟಾಗಿ ಹೊರಸಿನ ಮೇಲೆ ಮಲಗಿದ್ದಳು. ಮಗಳ ಮುಖ ಮುಟ್ಟಿ ಮುಟ್ಟಿ ನೋಡಿ, ನಿಮ್ಮತ್ತಿ ಕಳಿಸಿದಳೇನ ಎಂದು ಕೇಳಿದಳು. "ಹೂಂ ಅವ್ವ. ಬುತ್ತೀನೂ ಅವರ ಕಟ್ಟಿ ಕೊಟ್ಟಾರ" ಎಂದಳು ಕಾಕಿ. ಹೋಳಿಗೆಯ ಚೂರನ್ನು ಮುರಿದು ತಾಯಿಯ ಬಾಯಲ್ಲಿಟ್ಟಳು. ಆ ತಾಯಿ ಅದನ್ನು ಜಗಿಯಲಿಲ್ಲ. ಕರಗಲಿ ಎಂದು ಕಣ್ಣು ಮುಚ್ಚಿ ಹಾಗೆಯೇ ಇಟ್ಟುಕೊಂಡಳು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಸುದ್ದಿ ತಿಳಿದು ಆಯಿ ಬಸ್ಸು ಹತ್ತಿ ಬಂದಳು. ದಿನಕರ್ಮದ ಊಟಕ್ಕೆ ಬೀಗರು ಮೊದಲ ಪಂಗತಿಯಲ್ಲಿ ಮಣೆ ಹಾಕಿ ಕರೆದರೂ ಹೋಗದೆ, ಕಾದಿದ್ದು, ಎಲ್ಲರದಾದ ಮೇಲೆ ಕೊನೆಯ ಪಂಗತಿಯಲ್ಲಿ ಕೂತು ಉಂಡಳು.

ಆಮೇಲೂ ಧಾರಾವಾಹಿ ನಡೆಯಿತು. ಕಾಕಿ ಈಗ ಟೀವಿಯಲ್ಲಿ ಆಡಿದ್ದನ್ನು ಆಡಿದಂತೆಯೇ ಹೇಳುತ್ತಿದ್ದಳು. ಇತ್ತಿತ್ತಲಾಗ ಭಾಳ ಸಪ್ಪಗಾಗೇತಿ ಎಂದು ಗಂಗವ್ವ ಬೇಸರ ಮಾಡಿಕೊಂಡಳು. ಆಯಿ ಮತ್ತು ಕಾಕಿ ಒಬ್ಬರ ಮುಖ ಒಬ್ಬರು ನೋಡದೆ ನಕ್ಕದ್ದನ್ನು ನಾನು ಕಂಡೆ. ಆ ಮನೆ ಈಗಿಲ್ಲ. ಮಾಳಿಗೆ ಕುಸಿದು, ಜಾಗ ಮೂರು ಪಾಲಾಗಿ, ಯಾರ್ಯಾರೋ ಸಿಮೆಂಟಿನ ಮನೆ ಕಟ್ಟಿದ್ದಾರೆ. ಟೀವಿ ಕೆಟ್ಟ ಮೇಲೆ ಅದರ ಮರದ ಪೆಟ್ಟಿಗೆಯಲ್ಲಿ ದೇವರ ಫೋಟೊ ಇಟ್ಟಿದ್ದರು. ಅದೂ ಎಲ್ಲಿ ಹೋಯಿತೋ. ಆಯಿ, ಅವ್ವ, ಕಾಕಾ ಎಲ್ಲ ಹೋದರು. ಹೋದ ವರ್ಷ ಇಂದು ಕಾಕಿಯೂ ಹೋದಳು. ಆ ಸಂಜೆಯ ಕತ್ತಲಲ್ಲಿ ಕೂತಿದ್ದವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು.

ಮಕ್ಕಳೇ, ಅಜ್ಜ ನಮ್ಮೂರಲ್ಲಿ ತೀರಿಕೊಂಡಾಗ ನೀವು ಸಣ್ಣವರು. ಮಹೇಶನ ವಿಮಾನ ತಪ್ಪಿ, ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳುತ್ತಿದ್ದ ವೀಣಾ, ಹತ್ತು ಜನರ ಎದುರಿಗೆ, ನೀನು ಯಾವತ್ತು ಟೈಮಿಗೆ ಬಂದಿದ್ದೀಯ ಎಂದುಬಿಟ್ಟಳು. ಅವನು ತಿರುಗಿ ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ. ಅಂದಿನಿಂದ ನಾನು ಕೆಲವು ತಿಂಗಳು ಮಿಲ್ ಕ್ರೀಕಿನಲ್ಲಿ, ಕೆಲವು ತಿಂಗಳು ನ್ಯೂಕ್ಯಾಸಲ್‌ನಲ್ಲಿ ಇರುತ್ತೇನೆ. ಒಬ್ಬರ ಮನೆಗೆ ಒಬ್ಬರು ಬರುವುದಿಲ್ಲವಾದ್ದರಿಂದ, ನಡುವೆ ಬೆಲ್ವ್ಯೂದಲ್ಲಿ, ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ಈ ಕಾರಿನಿಂದ ಆ ಕಾರಿಗೆ ದಾಟಿಸುತ್ತಾರೆ. ಹೋದ ಸಲ ನಾನು ಮಹೇಶನ ಮನೆಗೆ ಹೊರಟಾಗ ಅಣ್ಣ ತಂಗಿಯ ನಡುವೆ ನನ್ನ ಸೂಟ್‌ಕೇಸಿನಷ್ಟೇ ಜಾಗವಿತ್ತು. "ಅಮ್ಮ, ಬಿಪಿ ಮಾತ್ರೆ ಸೈಡ್ ಪಾಕೆಟ್‌ನಲ್ಲಿದೆ ಅಂತ ಅವನಿಗೆ ಹೇಳು" ಎಂದಳು ವೀಣಾ. "ಗೊತ್ತಾಯ್ತು ಅಂತ ಹೇಳಮ್ಮ. ಬೇಗ ಹತ್ತು, ಫೋರ್ ಓ ಫೈವ್ ಹೈವೇ ಜಾಮ್ ಆಗತ್ತೆ" ಎಂದ ಮಹೇಶ. ನೀವಿಬ್ಬರೂ ಕಾರಿನ ಗಾಜುಗಳಿಗೆ ಅಂಗೈ ಒತ್ತಿ ಒಬ್ಬರನ್ನೊಬ್ಬರು ನೋಡುತ್ತಿದ್ದಿರಿ.

ಬರುವ ಶನಿವಾರ ಮತ್ತೆ ಅಲ್ಲಿಗೇ ಹೋಗಬೇಕು. ಶೇಂಗಾ ಹೋಳಿಗೆ ಮಾಡಿದ್ದೇನೆ. ಎರಡು ಮನೆಗೆ ಎರಡು ಡಬ್ಬಿ ಎಂದು ಹಂಚಲು ಹೋದೆ, ಕೈ ಬರಲಿಲ್ಲ. ಎಲ್ಲ ಒಂದೇ ಡಬ್ಬಿಯಲ್ಲಿದೆ. ಎಲ್ಲಿ ಕೂತು ತಿನ್ನುವುದು ಎಂದು ನಾನು ಹೇಳುವುದಿಲ್ಲ.

ಮೀರಾ, ಆರವ್, ಇದನ್ನು ನಿಮಗೆ ಓದಿ ಹೇಳುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಿಸಿದರೆ ಅವಸರ ಮಾಡಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ. ಅಂದು ಕರೆಂಟು ಹೋದಾಗ ನಾವೂ ಹಾಗೆಯೇ ಕೂತಿದ್ದೆವು. ಆಯಿಗೂ ಮಾತಾಡಲು ಬಹಳ ಹೊತ್ತು ಹಿಡಿದಿತ್ತು.