ಬಂದೂಕು ಒಳಗಿಟ್ಟ ಠಾಣೆ

ಆಳಂದದಿಂದ ಅಫಜಲಪುರದ ಕಡೆ ಹೋಗುವಾಗ ದಾರಿಯಲ್ಲಿ ಸಿಗುವ ಒಂದು ಪೊಲೀಸ್ ಠಾಣೆಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಊರಿನ ಹೆಸರು ಬೇಡ. ಅಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಅಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್. ದೂರು, ಹೇಳಿಕೆ, ಪಂಚನಾಮೆ, ದಿನಚರಿ ಎಲ್ಲವೂ ನನ್ನ ಕೈಯಿಂದಲೇ ಆಗಬೇಕು.

ನಾನು ಸೇರಿದಾಗ ಠಾಣೆಯ ಗೇಟಿನ ಮುಂದೆ ಎದೆಯೆತ್ತರಕ್ಕೆ ಮರಳಿನ ಚೀಲಗಳನ್ನು ಒಟ್ಟಿದ್ದರು. ಯಾವುದೋ ಹಳೆಯ ಗಲಾಟೆಯ ದಿನಗಳಲ್ಲಿ ಒಟ್ಟಿದ್ದಂತೆ. ಗಲಾಟೆ ತಣ್ಣಗಾದ ಮೇಲೆ ಅವನ್ನು ತೆಗೆಯಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಸೆಣಬು ಕೊಳೆತು ಅಲ್ಲಲ್ಲಿ ಮರಳು ಸುರಿಯುತ್ತಿತ್ತು, ಸಂದಿಯಲ್ಲಿ ಹುಲ್ಲು ಹುಟ್ಟಿತ್ತು. ಆ ಚೀಲಗಳ ಹಿಂದೆ ಹಗಲಿಡೀ ಒಬ್ಬರು ರೈಫಲ್ ಹಿಡಿದು ನಿಲ್ಲುತ್ತಿದ್ದರು. ನನಗೆ ಅದು ವಿಚಿತ್ರ ಅನ್ನಿಸಿದ್ದೇ ಇಲ್ಲ. ನಿಜ ಹೇಳಬೇಕೆಂದರೆ, ಅದನ್ನು ದಾಟಿ ಒಳಗೆ ಬಂದು ಕುಳಿತರೆ ನನಗೊಂದು ಧೈರ್ಯ ಇರುತ್ತಿತ್ತು.

ಆಮೇಲೆ ಹೊಸ ಸಬ್ ಇನ್‌ಸ್ಪೆಕ್ಟರ್ ಬಂದರು. ಮೈಸೂರು ಕಡೆಯವರು, ಮೂವತ್ತು ದಾಟಿದ ವಯಸ್ಸು, ಮೆಲ್ಲಗೆ ಮಾತಾಡುವ ಸ್ವಭಾವ. ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಬಂದ ಮೊದಲ ವಾರ ಅವರು ಏನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಎದುರಿನ ಚಹಾದಂಗಡಿಯಲ್ಲಿ ಸಾದಾ ಬಟ್ಟೆಯಲ್ಲಿ ಕುಳಿತು ಗೇಟಿನ ಕಡೆ ನೋಡುತ್ತಿದ್ದರು. ಎಂಟನೆಯ ದಿನ ನನ್ನ ಮೇಜಿನ ಹತ್ತಿರ ಬಂದು ಕೇಳಿದರು:

"ಒಬ್ಬ ಹೆಂಗಸು ಮೂರು ದಿನದಿಂದ ಬಂದು, ಗೇಟ್ ನೋಡಿ ವಾಪಸ್ ಹೋಗ್ತಿದ್ದಾರೆ. ಯಾರು ಅಂತ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನಾನೇ ಹೋಗಿ ಅವಳನ್ನು ಕರೆತಂದೆ. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡೇ ಕುಳಿತಳು. ಗಂಡನ ತಮ್ಮ ಹೊಡೆಯುತ್ತಿದ್ದ, ಮನೆಯಿಂದ ಹೊರಗೆ ಹಾಕಿದ್ದ. ಮೂರು ದಿನ ಯಾಕೆ ಒಳಗೆ ಬರಲಿಲ್ಲ ಅಂತ ಕೇಳಿದ್ದಕ್ಕೆ ಅವಳು, "ಬಂದೂಕದ ಮುಂದಿಂದ ಹಾದು ಬರಾಕ ಕಾಲೇ ಏಳಲಿಲ್ರಿ. ತಪ್ಪು ಮಾಡಿದಾಂವ ಅವ ಇದ್ದಾನ, ಅಂಜಿಕಿ ಮಾತ್ರ ನನಗ ಆಗಾಕತ್ತದ," ಎಂದಳು.

ಮರುದಿನವೇ ಸಾಹೇಬರು ಚೀಲಗಳನ್ನು ತೆಗೆಸಿದರು. ಮರಳನ್ನು ಹಿತ್ತಲಿನಲ್ಲಿ ಹೆಂಗಸರು ಕುಳಿತುಕೊಳ್ಳುವ ಒಂದು ಕಟ್ಟೆಗೆ ಬಳಸಿಕೊಂಡು, ಮೇಲೆ ಶಹಾಬಾದ ಕಲ್ಲು ಹಾಸಿಸಿದರು. ಶಸ್ತ್ರಾಗಾರಕ್ಕೆ ಕಾವಲು ಇರಲೇಬೇಕೆಂಬ ನಿಯಮವಿತ್ತು. ಆ ಕಾವಲನ್ನು ಒಳಗಿನ ಪಡಸಾಲೆಗೆ ಹಾಕಿದರು, ಹೊರಗಿನವರ ಕಣ್ಣಿಗೆ ಬೀಳದ ಹಾಗೆ. ಗಸ್ತಿಗೆ ಹೋಗುವವರು ಲಾಠಿಯನ್ನೂ ಒಯ್ಯಬಾರದು ಅಂದರು. ಗೇಟಿನಲ್ಲಿ ರೈಫಲ್ ಬದಲು ಒಂದು ಮೇಜು, ಒಂದು ನೀರಿನ ಹೂಜಿ. ಅಲ್ಲಿ ಕೂರಲು ಅವರು ಆರಿಸಿದ್ದು ನಮ್ಮಲ್ಲೇ ಹಿರಿಯರಾದ ಕಾನ್‌ಸ್ಟೆಬಲ್‌ರನ್ನು. ಆಳಂದದವರು. ಮನೆಯಲ್ಲಿ ದಖನಿ ಉರ್ದು, ಠಾಣೆಯಲ್ಲಿ ಅಚ್ಚ ಕನ್ನಡ. ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದೆವು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಯಾರೇ ಬಂದ್ರೂ ನಿಮ್ಮ ಮೊದಲ ಮಾತು 'ಬನ್ನಿ, ಕೂತ್ಕೊಳ್ಳಿ' ಅಂತ ಇರಬೇಕು," ಎಂದರು ಸಾಹೇಬರು.

"ಬರ್ರಿ, ಕುಂದರ್ರಿ ಅಂದ್ರ ನಡೀತದೇನ್ರಿ ಸಾಹೇಬ್ರ?" ಎಂದರು ಚಾಚಾ.

ಸಾಹೇಬರು ನಕ್ಕರು. ಅವರು ನಕ್ಕಿದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ನಮ್ಮಲ್ಲಿ ಅರ್ಧ ಜನಕ್ಕೆ ಇದು ಹಿಡಿಸಲಿಲ್ಲ. ನಾನೂ ಆ ಅರ್ಧದಲ್ಲೇ ಇದ್ದೆ. ತರಬೇತಿಯಲ್ಲಿ ಗುರಿ ಹೊಡೆಯುವುದರಲ್ಲಿ ಹೆಂಗಸರ ಪೈಕಿ ನಾನೇ ಮುಂದಿದ್ದೆ, ಅದರ ಹೆಮ್ಮೆಯೂ ಇತ್ತು. "ಇದು ಠಾಣೇನೋ, ಪಂಚಾಯ್ತಿ ಕಟ್ಟೀನೋ," ಎಂದು ಮನೆಯಲ್ಲಿ ಗೊಣಗಿದ್ದೂ ಉಂಟು. ಆದರೆ ತೊಗರಿ ರಾಶಿ ಮುಗಿಯುವ ಹೊತ್ತಿಗೆ ನನ್ನ ಬರವಣಿಗೆ ದುಪ್ಪಟ್ಟಾಗಿತ್ತು. ಮೊದಲು ಊರಿನ ಮುಖಂಡನನ್ನು ಮುಂದಿಟ್ಟುಕೊಂಡೇ ಬರುತ್ತಿದ್ದ ಜನ ಈಗ ತಾವೇ ಬರುತ್ತಿದ್ದರು. ಹೊಲದ ಬದುವಿನ ಜಗಳ, ಕಳುವಾದ ಪಂಪು, ಓಡಿಹೋದ ಅಳಿಯ. ಕೆಲವರು ದೂರು ಕೊಡದೆ ಚಾಚಾನ ಹತ್ತಿರ ನೀರು ಕುಡಿದು, ಮಾತಾಡಿ, ಅಷ್ಟಕ್ಕೇ ಸಮಾಧಾನವಾಗಿ ಹೋಗುತ್ತಿದ್ದರು. ಅದನ್ನು ಯಾವ ಪುಸ್ತಕದಲ್ಲಿ ಬರೆಯಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ.

ಹೀಗೆ ಹತ್ತು ತಿಂಗಳು ನಡೆಯಿತು.

ನಮ್ಮ ಸರಹದ್ದಿನ ಒಂದು ಹಳ್ಳಿಯಲ್ಲಿ ಮುಖ್ಯರಸ್ತೆ ಊರ ನಡುವೆಯೇ ಹಾದುಹೋಗುತ್ತದೆ. ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದ ಟಿಪ್ಪರ್‌ಗಳು ಅಲ್ಲಿ ವೇಗ ತಗ್ಗಿಸುವುದೇ ಇಲ್ಲ. ರಸ್ತೆಗೆ ಉಬ್ಬು ಹಾಕಿಸಿ ಎಂದು ಊರವರು ಕೇಳದ ಕಚೇರಿಯಿಲ್ಲ. ಒಂದು ದಿನ ಬೆಳಿಗ್ಗೆ ಕೂಲಿಗೆ ಹೊರಟ ಒಬ್ಬ ಹೆಣ್ಣುಮಗಳ ಮೇಲೆ ಟಿಪ್ಪರ್ ಹರಿಯಿತು. ಕೈಯಲ್ಲಿ ರೊಟ್ಟಿಯ ಗಂಟು ಇತ್ತು. ಚಾಲಕ ಇಳಿದು ಓಡಿಹೋದ. ಊರವರು ಹೆಣವನ್ನು ರಸ್ತೆಯ ಮಧ್ಯದಲ್ಲೇ ಇಟ್ಟುಕೊಂಡು ಕುಳಿತರು. ಎರಡೂ ಕಡೆ ಬಸ್ಸು ಲಾರಿ ನಿಂತವು.

ಸುದ್ದಿ ಬಂದಾಗ ನಮ್ಮ ಎ.ಎಸ್.ಐ. ಶೀಲ್ಡು, ಹೆಲ್ಮೆಟ್ಟು, ಅಶ್ರುವಾಯುವಿನ ಬಂದೂಕು ಎಲ್ಲ ವ್ಯಾನಿಗೆ ಹಾಕಿಸುತ್ತಿದ್ದರು. ಸಾಹೇಬರು ಅವನ್ನೆಲ್ಲ ಕೆಳಗಿಳಿಸಿದರು.

"ಒಂದು ಮನೆಯ ಹೆಣ ಬೀದೀಲಿದೆ. ನಾವು ಯುದ್ಧಕ್ಕೆ ಹೋದ ಹಾಗೆ ಹೋಗೋದು ಬೇಡ," ಎಂದರು.

ನಾವು ಆರು ಜನ ಹೋದೆವು. ಹೆಂಗಸಿನ ಹೆಣ ಅಂತ ನನ್ನನ್ನೂ ಕರೆದುಕೊಂಡರು. ಸಾಹೇಬರು ಟೋಪಿ ತೆಗೆದು ಹೆಣದ ಪಕ್ಕದಲ್ಲಿ, ಸತ್ತವಳ ಗಂಡನ ಎದುರಿಗೆ, ಡಾಂಬರಿನ ಮೇಲೆಯೇ ಕುಳಿತರು. ಚಾಚಾ ಅವರ ಬಲಕ್ಕೆ ನಿಂತಿದ್ದರು. ಮೊದಲು ಬೈಗುಳ ಬಂತು. ಬರಲಿ ಎಂದು ಕುಳಿತೇ ಇದ್ದರು. ಅರ್ಧ ಗಂಟೆಯಲ್ಲಿ ಮಾತು ಮೆತ್ತಗಾಗತೊಡಗಿತ್ತು. ಆಗ ಹಿಂದಿನಿಂದ, ನಿಂತ ಲಾರಿಗಳ ಕಡೆಯಿಂದ, ನಾಲ್ಕೈದು ಕಲ್ಲು ಬಂದವು. ಯಾರು ಹೊಡೆದರೆಂದು ಈವರೆಗೂ ಗೊತ್ತಾಗಿಲ್ಲ. ಅದರಲ್ಲೊಂದು ಚಾಚಾನ ಎಡಗಣ್ಣಿಗೆ ಬಿತ್ತು.

ಅವರು ಕೂಗಲಿಲ್ಲ. ಕಣ್ಣಿಗೆ ಕೈಯಿಟ್ಟುಕೊಂಡು ಸಾಹೇಬರ ಮೇಲೆಯೇ ಒರಗಿದರು. ಸಾಹೇಬರ ಅಂಗಿಯೆಲ್ಲ ರಕ್ತವಾಯಿತು. ನನ್ನ ಕೈ ನನಗೆ ಗೊತ್ತಿಲ್ಲದೆಯೇ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಮೊದಲು ಎದ್ದು ಬಂದವನು ಸತ್ತವಳ ಗಂಡ. ಚಾಚಾನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕೊಡ ನೀರು ತರಿಸಿ ಮುಖ ತೊಳೆದ. "ಯಾಂವಲೇ ಅಂವ ಕಲ್ಲು ಹೊಡದಾಂವ, ಮುಂದ ಬಾ," ಅಂತ ಒದರಿದ. ಯಾರೂ ಬರಲಿಲ್ಲ. ಊರವರೇ ಚಾಚಾನನ್ನು ಎತ್ತಿ ಜೀಪಿಗೆ ಹಾಕಿದರು. ಸಾಹೇಬರು ಅಲ್ಲಿಂದ ಏಳಲಿಲ್ಲ. ಮಧ್ಯಾಹ್ನ ರಸ್ತೆಯ ಇಂಜಿನಿಯರ್ ಬಂದು ಉಬ್ಬು ಹಾಕಿಸುವುದಾಗಿ ಬರೆದುಕೊಟ್ಟ ಮೇಲೆ ಊರವರು ಹೆಣ ಎತ್ತಿದರು. ಮತ್ತೆ ಯಾರಿಗೂ ಗಾಯವಾಗಲಿಲ್ಲ.

ಸಂಜೆಯ ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೋ ಇತ್ತು. ರಕ್ತದ ಅಂಗಿಯ ಪೊಲೀಸ್ ಅಧಿಕಾರಿ ಬರಿಗೈಯಲ್ಲಿ ಜನರ ಮುಂದೆ, ಸತ್ತವಳ ಗಂಡನ ಎದುರಿಗೆ, ನೆಲದ ಮೇಲೆ ಕುಳಿತಿದ್ದಾರೆ. ಕಲ್ಲು ಬೀಳುವ ಮೊದಲಿನದು, ನೀರು ಹಾಕಿದ್ದು, ಹೆಣ ಎತ್ತಿದ್ದು, ಇದ್ಯಾವುದೂ ಅದರಲ್ಲಿ ಇರಲಿಲ್ಲ. ಪೊಲೀಸರ ಮಾನ ಹೋಯಿತು ಎಂದು ಮೇಲಿನವರಿಗೆ ಅನ್ನಿಸಿತು. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದರು.

ಚಾಚಾ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿದ್ದರು. ಎಡಗಣ್ಣು ಉಳಿಯಲಿಲ್ಲ. ಅವರ ಹೇಳಿಕೆ ಬರೆದುಕೊಳ್ಳಲು ಆ ಅಧಿಕಾರಿ ನನ್ನನ್ನೇ ಕರೆದೊಯ್ದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತು, ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡೆ.

"ಕೈಯಲ್ಲಿ ಆಯುಧ ಇದ್ದಿದ್ದರೆ ನಿಮಗೆ ಈ ಗತಿ ಬರ್ತಿರಲಿಲ್ಲ, ಅಲ್ವಾ?" ಎಂದು ಅಧಿಕಾರಿ ಕೇಳಿದರು.

ಚಾಚಾ ಅಧಿಕಾರಿಯ ಕಡೆ ಮುಖ ತಿರುಗಿಸಿದರು. "ಬಂದೂಕ ಇದ್ದಿದ್ರ ಕಲ್ಲು ಬಿದ್ದ ಮ್ಯಾಲ ನಾ ಗುಂಡು ಹಾರಸ್ತಿದ್ದೆ ಸಾಹೇಬ್ರ. ಕಣ್ಣಂತೂ ಹೋಗೇ ಹೋಗ್ತಿತ್ತು. ಅದರ ಸಂಗಾಟ ಯಾರದರ ಜೀವಾನೂ ಹೋಗ್ತಿತ್ತು. ಆ ಸತ್ತಾಕೀ ಗಂಡಂದೇ ಹೋಗ್ತಿತ್ತೇನೋ, ಮುಂದ ಅವನೇ ಇದ್ದ."

ನಾನು ಬರೆಯಲು ಶುರುಮಾಡಿದ್ದೆ. ಅಧಿಕಾರಿ ಕೈಯೆತ್ತಿ ತಡೆದರು. "ಅದೆಲ್ಲ ಬೇಡ. ನಾನು ಹೇಳಿದ್ದು ಬರೀರಿ." ಅವರು ಹೇಳಿದರು, ನಾನು ಬರೆದೆ: 'ರಕ್ಷಣಾ ಸಾಮಗ್ರಿ ಹಾಗೂ ಆಯುಧಗಳನ್ನು ಒಯ್ಯದಂತೆ ಠಾಣಾಧಿಕಾರಿಯವರು ತಡೆದ ಕಾರಣ ಉದ್ರಿಕ್ತ ಗುಂಪಿನ ದಾಳಿಯಲ್ಲಿ ನನ್ನ ಕಣ್ಣಿಗೆ ಗಾಯವಾಯಿತು.'

ಬರೆದದ್ದನ್ನು ಓದಿ ಹೇಳಬೇಕು ಎಂಬುದು ಕ್ರಮ. ಓದಿದೆ. ತಗ್ಗಿದ ದನಿಯಲ್ಲಿ, ಬೇಗ ಬೇಗ. ಪೆನ್ನು ಕೆಳಗಿಟ್ಟು 'ಅವರು ಹೇಳಿದ್ದು ಇದಲ್ಲ' ಎನ್ನಬಹುದಿತ್ತು. ಆಗ ನನ್ನ ತಲೆಯೊಳಗೆ ಬಂದದ್ದು ನನ್ನ ಮಗಳ ಶಾಲೆ, ನನ್ನ ಕ್ವಾರ್ಟರ್ಸು, ಎಲ್ಲಿಗೆ ಎತ್ತಿಹಾಕುತ್ತಾರೋ ಎಂಬ ಭಯ. ಚಾಚಾ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು.

"ತಾರವ್ವಾ," ಎಂದು ನನ್ನ ಹೆಸರು ಹಿಡಿದು ಕರೆದರು. "ಸೈನ್ ಎಲ್ಲಿ ಮಾಡ್ಲಿ, ತೋರಸು."

ಬೆರಳಿಟ್ಟು ತೋರಿಸಿದೆ. ಸಹಿ ಓರೆಯಾಗಿ ಗೆರೆಯಿಂದ ಕೆಳಗೆ ಇಳಿಯಿತು.

ಸಾಹೇಬರಿಗೆ ವರ್ಗವಾಯಿತು, ದೂರದ ಒಂದು ಜಿಲ್ಲೆಯ ವೈರ್‌ಲೆಸ್ ಕೋಣೆಗೆ. ಹೊರಡುವ ದಿನ ಕಾಗದಗಳಿಗೆ ಸಹಿ ಹಾಕುತ್ತಾ ಅವರೇ ಮಾತು ತೆಗೆದರು. "ಹೆಲ್ಮೆಟ್ ತಗೊಂಡು ಹೋಗಬೇಕಿತ್ತು. ಬಂದೂಕಿಗೂ ಹೆಲ್ಮೆಟ್‌ಗೂ ವ್ಯತ್ಯಾಸ ಇದೆ. ಅದು ನನಗೆ ಆವತ್ತು ಹೊಳೀಲಿಲ್ಲ. ಅವರ ಕಣ್ಣು ಹೋಗಿದ್ದು ನನ್ನಿಂದ. ಹೇಳಿಕೇಲಿ ಏನು ಬರೆದಿದ್ರೂ ಆ ಮಾತು ಮಾತ್ರ ಸತ್ಯ." ಹೇಳಿಕೆ ಬರೆದದ್ದು ನಾನೇ ಎಂದು ಅವರಿಗೆ ಗೊತ್ತಿತ್ತು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಳ್ಕೊಡುಗೆ ಬೇಡವೆಂದು ಹೇಳಿ ಕಲಬುರಗಿಯ ಬಸ್ಸು ಹತ್ತಿದರು.

ಅವರ ಜಾಗಕ್ಕೆ ಬಂದವರು ಕೆಟ್ಟವರೇನಲ್ಲ. ಆದೇಶವಿತ್ತು, ಪಾಲಿಸಿದರು. ಈ ಸಲ ಸೆಣಬಿನದಲ್ಲ, ಪ್ಲಾಸ್ಟಿಕ್ ಚೀಲ, ಸುಲಭಕ್ಕೆ ಕೊಳೆಯುವುದಿಲ್ಲ. ಗೇಟಿಗೆ ಒಬ್ಬರ ಬದಲು ಇಬ್ಬರು. ಮೇಜನ್ನು ದಾಸ್ತಾನು ಕೋಣೆಗೆ ಹಾಕಿದರು. ಒಂದು ತಿಂಗಳಲ್ಲಿ ನನ್ನ ಬರವಣಿಗೆ ಮೊದಲಿನಷ್ಟಕ್ಕೇ ಇಳಿಯಿತು. ಸರಹದ್ದಿನಲ್ಲಿ ಅಪರಾಧ ಕಡಿಮೆಯಾಗಿದೆ ಎಂದು ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಅದನ್ನು ಕಡತಕ್ಕೆ ಸೇರಿಸಿದವಳೂ ನಾನೇ.

ಕಲ್ಲು ತೂರಿದ ಪ್ರಕರಣವೂ ದಾಖಲಾಯಿತು. ಯಾರು ಕಲ್ಲು ಹೊಡೆದರೋ ಗೊತ್ತಿಲ್ಲ, ಆದರೆ ವಿಡಿಯೋದಲ್ಲಿ ಊರವರ ಪೈಕಿ ಸ್ಪಷ್ಟವಾಗಿ ಕಂಡ ಮುಖ ಒಂದೇ. ಹೆಂಡತಿಯ ಹೆಣದ ಪಕ್ಕ ಕುಳಿತವನನ್ನು ಮೊದಲನೆಯ ಆರೋಪಿ ಮಾಡಿದರು. ಗುಂಪೇ ದಾಳಿ ಮಾಡಿತು ಎಂಬುದಕ್ಕೆ ಆಧಾರ ನಾನು ಬರೆದ ಆ ಹೇಳಿಕೆ.

ನನಗೂ ಆಮೇಲೆ ಜೇವರ್ಗಿಗೆ ವರ್ಗವಾಯಿತು. ಆ ಪ್ರಕರಣದಲ್ಲಿ ನಾನು ಸಾಕ್ಷಿ. ಹೋದ ತಿಂಗಳು ಸಮನ್ಸ್ ಬಂದು ಜೇವರ್ಗಿಯಿಂದ ಆಳಂದಕ್ಕೆ ಹೋಗಿದ್ದೆ. ನ್ಯಾಯಾಲಯದ ಪಡಸಾಲೆಯಲ್ಲಿ ಚಾಚಾ ಒಂದು ಬೆಂಚಿನ ಮೇಲೆ ಕುಳಿತಿದ್ದರು. ಕಪ್ಪು ಕನ್ನಡಕ, ಬಿಳಿ ಜುಬ್ಬಾ. ಪಕ್ಕದಲ್ಲೇ ಸತ್ತವಳ ಗಂಡ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿರುವುದನ್ನು ಕಂಡು ನಾನು ದೂರವೇ ನಿಂತೆ. ಆತ ಎದ್ದು ಜಾಗ ಬಿಟ್ಟ.

"ಕುಂದರ್ರಿ ಮೇಡಂ. ಬಿಸಲಾಗ ಬಂದೀರಿ."

"ರಸ್ತೆಗೆ ಉಬ್ಬು ಹಾಕಿದ್ರಾ?" ಎಂದು ಕೇಳಿದೆ. ಬೇರೇನು ಕೇಳಬೇಕೋ ತೋಚಲಿಲ್ಲ.

"ಹಾಕಿದ್ರಿ. ಈ ಸಲ ಹೊಸಾ ಡಾಂಬರ ಹಾಕೋವಾಗ ಕೆರದು ಒಗದಾರ. ಮತ್ತ ಅರ್ಜಿ ಕೊಟ್ಟೇನ್ರಿ."

ಆಮೇಲೆ ಅವನು ನೀರು ತರಲೆಂದು ಹೋದ. ನಾನು ಚಾಚಾನ ಹತ್ತಿರ ಕುಳಿತೆ. ವರ್ಷಗಳಿಂದ ನನ್ನೊಳಗೆ ಇದ್ದುದನ್ನು ಹೇಳಿದೆ. "ಚಾಚಾ, ಒಳಗ ನಿಮ್ಮ ಹೇಳಿಕೀ ಓದತಾರ. ಅದು ನೀವು ಹೇಳಿದ್ದಲ್ಲ ಅಂತ ನಾ ಹೇಳ್ಬೇಕಂತ ಮಾಡೇನಿ."

ಅವರು ನನ್ನ ಕಡೆ ತಿರುಗಿದರು. ನಾನು ಅವರ ಎಡಗಡೆ ಕುಳಿತಿದ್ದರಿಂದ ಪೂರ್ತಿ ತಿರುಗಬೇಕಾಯಿತು.

"ಹೇಳಿದ್ರ ನಿನ್ನ ನೌಕರಿ ಹೋಗ್ತದವ್ವಾ. ಸುಳ್ಳು ಬರದಾಳಂತ ನಿನ್ನ ಮ್ಯಾಲೇ ಕೇಸ್ ಹಾಕ್ತಾರ. ಸಾಹೇಬ್ರಂತೂ ವಾಪಸ್ ಬರಂಗಿಲ್ಲ."

"ಮತ್ತ ಇಂವ? ಇಂವ ಏನು ಮಾಡ್ಯಾನ?"

"ಇಂವ ಕಲ್ಲು ಹೊಡದಿಲ್ಲಂತ ನಾ ಹೇಳ್ತೇನಿ. ನನ್ನ ಕಣ್ಣು ಹೋಗ್ಯದ, ನನ್ನ ಮಾತು ಕೇಳಿದ್ರೂ ಕೇಳಬಹುದು." ಕನ್ನಡಕ ಸರಿಮಾಡಿಕೊಂಡು, "ಕೇಳದಿದ್ರ ಏನು ಮಾಡೂದು, ಮಾಲೂಮಿಲ್ಲ," ಎಂದರು.

ಅಷ್ಟರಲ್ಲಿ ನಮ್ಮ ಪ್ರಕರಣವನ್ನು ಕೂಗಿದರು. ಮೂವರೂ ಒಳಗೆ ಹೋಗಿ ನಿಂತೆವು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ, ಅದು ಹೊಂದುತ್ತಿರಲಿಲ್ಲ. ಸರ್ಕಾರದ ಕಡೆಯ ವಕೀಲರು ಆ ದಿನ ಬಂದಿರಲಿಲ್ಲ. ನ್ಯಾಯಾಧೀಶರು ಎರಡು ತಿಂಗಳ ಮುಂದಿನ ಒಂದು ದಿನ ಕೊಟ್ಟು, ಮುಂದಿನ ಕಡತ ತೆಗೆದರು. ಮುಂದೆ ಹೋಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಬಸ್ ನಿಲ್ದಾಣದ ತನಕ ಮೂವರೂ ಕೂಡಿಯೇ ನಡೆದೆವು. ಚಾಚಾ ದಾರಿ ದಾಟುವಾಗ ಆ ಗಂಡ ಅವರ ಎಡಗೈ ಹಿಡಿದುಕೊಂಡಿದ್ದ.